ಇಪ್ಪತ್ತೊಂದು ಬೆಳಗು

ನನ್ನ ಮಾವನನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಇಪ್ಪತ್ತೊಂದು ಅಂತ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಮುಖದ ಮೇಲೇ ಕರೆಯುತ್ತಿದ್ದರು. "ಇಪ್ಪತ್ತೊಂದು ಎಲ್ಲಿ?" "ಇಪ್ಪತ್ತೊಂದಕ್ಕೆ ಟೀ ಹೋಯ್ತಾ?" ಮಾವ ತಲೆ ಎತ್ತದೆ "ಹೂಂ" ಅನ್ನುತ್ತಿದ್ದರು. ಬಸ್ಸು, ಆಂಬುಲೆನ್ಸು, ಸಾಮಾನು ಸಾಗಿಸುವ ವ್ಯಾನು, ಯಾವುದೇ ಇರಲಿ, ಬರೀ ಇಂಜಿನ್ನು, ಗಾಲಿಗಳಷ್ಟೇ ಆಗಿ ಬಂದದ್ದಕ್ಕೆ ಬಾಡಿ ಕಟ್ಟಿ ಕಳಿಸುವ ವರ್ಕ್‌ಶಾಪ್ ಅದು. ಮಾವ ಅಲ್ಲಿ ಮೂವತ್ತೆರಡು ವರ್ಷ ವೈರಿಂಗ್ ಮೇಸ್ತ್ರಿ. ನಾನು ಅದೇ ಕಾಂಪೌಂಡಿನ ಮೂಲೆಯ ಶೆಡ್ಡಿನಲ್ಲಿ ಸೀಟು ಹೊಲಿಯುವವಳು. ನನಗೆ ಆರು ವರ್ಷವಿದ್ದಾಗ ಅಮ್ಮ ಹೋದಳು. ಆಮೇಲೆ ಸಾಕಿದವರು ಅಮ್ಮನ ಅಣ್ಣನಾದ ಈ ಮಾವ, ಮತ್ತು ಅತ್ತೆ. ಮಾವನ ಬಗ್ಗೆ ನಾನು ಒರಟಾಗಿ ಮಾತಾಡಿದರೆ ಅಷ್ಟು ಸಲಿಗೆ ನನಗಿದೆ ಅಂತ ತಿಳಿಯಿರಿ. ನನ್ನ ಬಗ್ಗೆಯೂ ನಯವಾಗಿ ಹೇಳಿಕೊಳ್ಳುವುದಿಲ್ಲ.

ಆ ಹೆಸರು ಬಂದದ್ದು ಒಂದು ಬ್ರೆಡ್ ವ್ಯಾನಿನಿಂದ. ಚಳಿಗಾಲದಲ್ಲಿ ಬೆಳಗಾಗುವ ಮೊದಲೇ ಬೇಕರಿ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವ ಡ್ರೈವರ್, ಕೂತ ಸೀಟಿಗೆ ಹೀಟರ್ ಹಾಕಿಸಿಕೊಂಡಿದ್ದ. ಹಾಕಿದವರು ಮಾವ. ಒಂದು ಜಾಯಿಂಟ್ ಸಡಿಲ ಉಳಿದಿತ್ತು. ಹನ್ನೊಂದನೆಯ ದಿನ ಅದು ಕಾದು, ಸ್ಪಂಜು ಹೊತ್ತಿಕೊಂಡು, ತೂಕಡಿಸುತ್ತಿದ್ದ ಡ್ರೈವರನ ಬೆನ್ನು ಸುಟ್ಟಿತು. ಪುಣ್ಯಕ್ಕೆ ಬದುಕಿದ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಸೀದಾ ವರ್ಕ್‌ಶಾಪಿಗೆ ಬಂದು, "ನಿಮ್ ತಪ್ಪಲ್ಲ ಮೇಸ್ತ್ರಿ, ನನ್ ಹಣೆಬರಹ" ಅಂದು ಟೀ ಕುಡಿದು ಹೋದ. ನಾಲ್ಕು ಬೈಗುಳ ಬೈದಿದ್ದರೆ ಮಾವ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಆತ ಒಳ್ಳೆಯವನಾಗಿಬಿಟ್ಟದ್ದು ಅವರನ್ನು ತಿಂದುಹಾಕಿತು.

ಅವತ್ತಿನಿಂದ ಮಾವ ಒಂದು ನಿಯಮ ಮಾಡಿಕೊಂಡರು. ಹೀಟರ್ ಹಾಕಿದ ಯಾವ ಗಾಡಿಯೂ ಇಪ್ಪತ್ತೊಂದು ಬೆಳಗು ಕಾಂಪೌಂಡಿನಲ್ಲೇ ನಿಂತು ಉರಿಯಬೇಕು. ದಿನಾ ಬೆಳಿಗ್ಗೆ ತಾವೇ ಕೈಯಿಟ್ಟು ನೋಡಿ, ಒಳಗಿನ ಬಿಸಿ ಎಷ್ಟು, ಹೊರಗಿನ ಚಳಿ ಎಷ್ಟು ಅಂತ ಬರೆಯಬೇಕು. ನಡುವೆ ಏನಾದರೂ ಒಂದು ಕೆಟ್ಟರೆ, ಒಂದೇ ಒಂದು ವೈರು ಬದಲಾಯಿಸಿದರೆ, ಮತ್ತೆ ಮೊದಲ ಬೆಳಗಿನಿಂದ ಎಣಿಕೆ. "ಹನ್ನೊಂದಕ್ಕೆ ಹನ್ನೊಂದು ಸೇರಿಸಿದ್ರೆ ಇಪ್ಪತ್ತೆರಡಲ್ವಾ ಮಾವ, ಒಂದು ಯಾಕೆ ಬಿಟ್ರಿ?" ಅಂತ ನಾನೊಮ್ಮೆ ರೇಗಿಸಿದ್ದೆ. ಅವರು ನಗಲಿಲ್ಲ. ಮಾಲೀಕ ತಲೆ ಚಚ್ಚಿಕೊಂಡ, ಗಿರಾಕಿಗಳು ಬಾಯಿಗೆ ಬಂದಂತೆ ಅಂದರು. ಮಾವ ಜಗ್ಗಲಿಲ್ಲ. ಅವರ ಕೈಯಿಂದ ಆಚೆ ಹೋದ ಗಾಡಿಗಳಲ್ಲಿ ಆಮೇಲೆ ಒಂದು ಕೂದಲು ಸುಟ್ಟದ್ದೂ ಇಲ್ಲ.

ಇನ್ನು ಅತ್ತೆ. ಅತ್ತೆಯ ಬಾಯಲ್ಲಿ "ಸಾಲದು" ಅನ್ನುವ ಮಾತನ್ನು ನಾನು ಕೇಳಿಯೇ ಇಲ್ಲ. ಉಪ್ಪಿಲ್ಲದ ಸಾರು ಕೊಟ್ಟರೂ ಚೆನ್ನಾಗಿದೆ, ಹರಿದ ಚಪ್ಪಲಿಯೂ ಚೆನ್ನಾಗಿದೆ. ಎದೆಯಲ್ಲಿ ಸಿಳ್ಳೆ ಹೊಡೆದಂತೆ ಉಸಿರು ಎಳೆಯುತ್ತಿದ್ದರೂ "ಏನಿಲ್ಲ, ಸ್ವಲ್ಪ ಕಫ" ಅಂತ ಒಂದು ವರ್ಷ ತಳ್ಳಿದರು. ಡಾಕ್ಟರು ಎಕ್ಸ್‌ರೇ ನೋಡಿ, ಇಷ್ಟು ದಿನ ಎಲ್ಲಿದ್ರಿ ಅಂತ ಕೇಳಿದಾಗ ಮಾವ ಅತ್ತೆಯ ಮುಖ ನೋಡಿದ ರೀತಿ ನನಗೆ ಈಗಲೂ ನೆನಪಿದೆ. ಹೆಂಡತಿ "ಚೆನ್ನಾಗಿದೀನಿ" ಅಂದರೆ ನಂಬಬಾರದು ಅಂತ ಅವತ್ತು ಅವರ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಅತ್ತೆಗೆ ಮಲಗುವಾಗ ಆಕ್ಸಿಜನ್ ಮಷೀನು ಬೇಕೇ ಬೇಕು. ತಣ್ಣನೆಯ ಗಾಳಿ ತಾಗಿದರೆ ಎದೆ ಬಿಗಿದುಕೊಳ್ಳುತ್ತಿತ್ತು. ಎರಡು ವರ್ಷದ ಹಿಂದೆ ಯಾರದೋ ಮದುವೆಗೆ ಬಸ್ಸಿನಲ್ಲಿ ಹೋಗಿ, ಲಾಡ್ಜಿನ ತಣ್ಣಗಿನ ರೂಮಿನಲ್ಲಿ ಒಂದು ರಾತ್ರಿ ಮಲಗಿ, ಹನ್ನೆರಡು ದಿನ ಆಸ್ಪತ್ರೆ ಸೇರಿದರು. ಅಲ್ಲಿಗೆ ಅವರ ತಿರುಗಾಟ ಮುಗಿಯಿತು.

ಅತ್ತೆಗೆ ಒಬ್ಬಳೇ ಅಕ್ಕ. ಇರುವುದು ಎರಡು ದಿನದ ದಾರಿಯಾಚೆ, ಬೆಟ್ಟದ ಮೇಲಿನ ಊರಿನಲ್ಲಿ. ಇಬ್ಬರೂ ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ದಿನಾ ಸಂಜೆ ನಾಲ್ಕಕ್ಕೆ ಫೋನು. ಏನು ಅಡಿಗೆ, ಯಾವ ಮಂಡಿ ನೋವು, ಪಕ್ಕದ ಮನೆಯವರ ಜಗಳ ಎಲ್ಲಿಗೆ ಬಂತು, ಇಷ್ಟೇ ಮಾತು. ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಕ್ಕನ ಕಿಡ್ನಿ ಕೈಕೊಟ್ಟಿತು. ಈ ಚಳಿಗಾಲ ದಾಟಿದರೆ ಹೆಚ್ಚು ಅಂತ ಡಾಕ್ಟರು ಹೇಳಿದ್ದನ್ನು ಅಕ್ಕನ ಮಗಳು ಅಳುತ್ತಾ ಫೋನಿನಲ್ಲಿ ಹೇಳಿದಳು.

ಅವತ್ತು ಊಟದ ಹೊತ್ತಿನಲ್ಲಿ ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿ ಮಾವನಿಗೆ ಹೇಳಿದರು. "ರೀ, ನಾನು ಅಕ್ಕನ್ನ ಒಂದ್ಸಲ ನೋಡ್ಬೇಕು."

"ಫೋನಲ್ಲಿ ದಿನಾ ಮಾತಾಡ್ತೀಯಲ್ಲ."

"ಫೋನಲ್ಲಿ ಆಗಲ್ಲ. ಅಮ್ಮ ಹೋದಾಗ ನಾನು ಅಕ್ಕನಿಗೆ ಆಡಬಾರದ ಮಾತು ಆಡಿದೀನಿ. ನೀನು ಹತ್ರ ಇದ್ದೂ ಅಮ್ಮನ್ನ ಸಾಯಕ್ಕೆ ಬಿಟ್ಟೆ ಅಂತ ಅಂದಿದೀನಿ. ಫೋನಲ್ಲಿ ಆ ವಿಷಯ ಎತ್ತಿದ್ರೆ 'ಯಾವ ಮಾತೇ, ನಂಗೆ ನೆನಪೇ ಇಲ್ಲ' ಅಂತ ತಳ್ಳಿಹಾಕ್ತಾಳೆ. ನೆನಪಿದೆ ಅವಳಿಗೆ. ಮುಖ ನೋಡ್ಕೊಂಡು ತಪ್ಪಾಯ್ತು ಅನ್ಬೇಕು."

ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಮಾವ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಕರ್ಕೊಂಡು ಹೋಗ್ತೀನಿ" ಅಂದರು. ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲ.

ಕಾಂಪೌಂಡಿನ ಹಿಂಭಾಗದಲ್ಲಿ ಒಂದು ಹಳೆಯ ವ್ಯಾನು ನಿಂತಿತ್ತು. ಊರೂರಿಗೆ ಪುಸ್ತಕ ಹೊತ್ತು ತಿರುಗುತ್ತಿದ್ದ ಲೈಬ್ರರಿ ಗಾಡಿ. ಇಂಜಿನ್ ಗಟ್ಟಿಮುಟ್ಟಾಗಿತ್ತು. ಮಾವ ರಿಟೈರ್ ಆಗಿ ವರ್ಷವಾಗಿತ್ತು, ಆದರೂ ದಿನಾ ಬಂದು ಅಲ್ಲಿ ಇಲ್ಲಿ ಕೈಯಾಡಿಸಿಕೊಂಡು ಇರುತ್ತಿದ್ದರು. ಮಾಲೀಕನಿಂದ ಆ ಗಾಡಿ ಕೇಳಿ ತೆಗೆದುಕೊಂಡು, ಅದನ್ನು ಮನೆಗಾಡಿ ಮಾಡಲು ಕೂತರು. ಪುಸ್ತಕದ ಕಪಾಟು ಪಾತ್ರೆ ಬಟ್ಟೆಯ ಕಪಾಟಾಯಿತು. ಹಿಂಭಾಗದಲ್ಲಿ ಅಡ್ಡಲಾಗಿ ಒಂದು ಮಂಚ, ಅದರ ತಲೆಯ ಕಡೆ ಏರಿಸಿ ಇಳಿಸುವ ಹಲಗೆ. ಒಂದು ಸಣ್ಣ ಬೇಸಿನ್ನು, ಪರದೆಯಾಚೆ ಟಾಯ್ಲೆಟ್ಟು, ಬಾಗಿಲ ಹತ್ತಿರ ಮೊಣಕಾಲೆತ್ತರದ ಫ್ರಿಜ್ಜು. ಬಾಗಿಲ ಮೇಲೆ "ದಯವಿಟ್ಟು ನಿಶ್ಶಬ್ದ" ಅನ್ನುವ ಹಳೆಯ ಬೋರ್ಡು ಇನ್ನೂ ಇತ್ತು. ಕಿತ್ತುಹಾಕಲು ಹೋದಾಗ ಅತ್ತೆ ನನ್ನ ಕಡೆ ಕೈ ತೋರಿಸಿ, "ಇರಲಿ ಬಿಡ್ರಿ, ಇವಳೂ ಬರ್ತಾಳಲ್ಲ" ಅಂದರು.

ಬಿಸಿಯ ವಿಷಯ ಬಂದಾಗ ಎಲ್ಲರೂ ಮೇಸ್ತ್ರಿಗೆ ಬುದ್ಧಿ ಹೇಳುವವರೇ. ಗ್ಯಾಸಿನದು ಹಾಕಿ, ಡೀಸೆಲ್ಲಿನದು ಹಾಕಿ, ಹತ್ತು ನಿಮಿಷಕ್ಕೆ ಬೆವರು ಬರುತ್ತೆ ಅಂತ. ಆಕ್ಸಿಜನ್ ಮಷೀನು ಇರುವ ಕಡೆ ಬೆಂಕಿ ಉರಿಸುವ ಹಾಗಿಲ್ಲ. ಬಿಸಿಗಾಳಿ ಊದುವ ಫ್ಯಾನು ಹಾಕಿದರೆ ಅತ್ತೆಗೆ ಗಂಟಲು ಒಣಗಿ ಕೆಮ್ಮು. ದೊಡ್ಡ ಕರೆಂಟು ಹೀಟರ್ ಹಾಕೋಣ ಅಂದರೆ, ದಾರಿಯಲ್ಲಿ ಇಂಥ ಗಾಡಿಗಳು ತಂಗುವ ಮೈದಾನದವರಿಗೆ ಮಾವ ಮೊದಲೇ ಫೋನು ಮಾಡಿ ಕೇಳಿದ್ದರು: ಒಂದೊಂದು ಕರೆಂಟು ಕಂಬಕ್ಕೆ ಆರೇ ಆಂಪ್ಸ್, ಅದರ ಮೇಲೆ ಎಳೆದರೆ ಬ್ರೇಕರ್ ಬೀಳುತ್ತದೆ. ಬಿದ್ದರೆ ಹೀಟರ್ ಒಂದೇ ಅಲ್ಲ, ಅತ್ತೆಯ ಆಕ್ಸಿಜನ್ನೂ ನಿಲ್ಲುತ್ತದೆ. ಹಾಗಾಗಿ ಮಾವ ಹಿಡಿದದ್ದು ಕಡಿಮೆ ವ್ಯಾಟಿನ ದಾರಿ. ಹಾಸಿಗೆಯ ಅಡಿಗೆ ಕಾಗದದಷ್ಟು ತೆಳ್ಳಗಿನ ಬಿಸಿಹಾಳೆ, ಅರವತ್ತು ವ್ಯಾಟ್. ಎರಡೂ ಗೋಡೆಗೆ ಒಂದೊಂದು ಚಪ್ಪಟೆ ಪ್ಯಾನೆಲ್, ತಲಾ ನೂರ ಐವತ್ತು. ಕಾಲಿಡುವ ಕಡೆ ಎಪ್ಪತ್ತೈದರ ಮ್ಯಾಟ್, ಟಾಯ್ಲೆಟ್ಟಿನ ಮೂಲೆಗೆ ನಲವತ್ತೈದರ ಕೊಳವೆ. ಎಲ್ಲ ಸೇರಿ ನಾನೂರ ಎಂಬತ್ತು ವ್ಯಾಟ್. "ಇಷ್ಟರಲ್ಲಿ ಒಂದು ಸೀರೆ ಇಸ್ತ್ರಿ ಆಗಲ್ಲ" ಅಂತ ನಾನು ನಕ್ಕೆ. "ಇಸ್ತ್ರಿ ಮಾಡೋಕಲ್ಲ ಇದು. ಸದಾ ಉರೀತಾ ಇರ್ಬೇಕು, ಬಂದ ಬಿಸಿ ಆಚೆ ಹೋಗ್ಬಾರದು. ಆ ಕೆಲಸ ನಿಂದು" ಅಂದರು.

ನನ್ನದು ಹೌದು. ಗೋಡೆಗೆ, ಚಾವಣಿಗೆ ಒಳಗಿನಿಂದ ದಪ್ಪ ಪದರ ಹೊಲಿದು ಕೂರಿಸಿದೆ. ಏಳು ಕಿಟಕಿಗೂ ಹತ್ತಿ ತುಂಬಿದ ಪರದೆ. ಒಂದು ಸಂದಿಯಲ್ಲೂ ಗಾಳಿ ನುಸುಳಬಾರದು ಅಂತ ಮಾವ ಮೇಣದ ಬತ್ತಿ ಹಚ್ಚಿ ಹೊಲಿಗೆಯ ಉದ್ದಕ್ಕೂ ಹಿಡಿದು ನೋಡುತ್ತಿದ್ದರು. ಜ್ವಾಲೆ ಅಲುಗಿದ ಕಡೆಯೆಲ್ಲ ಬಿಚ್ಚಿಸಿ ಮತ್ತೆ ಹೊಲಿಸಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆದರೂ ಹೊಲಿದೆ. ಅತ್ತೆಗಾಗಿ ಅಲ್ಲವೇ.

ವರ್ಕ್‌ಶಾಪಿನ ಲೈನಿಗೆ ಆರು ಆಂಪ್ಸಿನ ಬ್ರೇಕರ್ ಹಾಕಿ, ದಾರಿಯ ಕಂಬದ ಹಾಗೆಯೇ ಮಾಡಿಕೊಂಡು, ಮಾವ ಎಣಿಕೆ ಶುರುಮಾಡಿದರು. ಅಕ್ಕನಿಗೆ ಅತ್ತೆ ಫೋನಿನಲ್ಲಿ ಹೇಳಿದರು: "ಹೀಟರ್ ಕೂರಿಸಿದ್ದಾಯ್ತು ಕಣೇ. ಇನ್ನು ಮೂರು ವಾರ. ನಾವು ಗಾಡೀಲೇ ಮಲಗ್ತೀವಿ, ನೀನೇನೂ ಏರ್ಪಾಟು ಮಾಡ್ಕೊಂಡು ಒದ್ದಾಡ್ಬೇಡ."

ಮಾವ ದಿನವೂ ಗಾಡಿಯಲ್ಲೇ ಮಲಗಿ ಏಳುತ್ತಿದ್ದರು. ಬೆಳಿಗ್ಗೆ ಏಳು ಗಂಟೆಗೆ ಅತ್ತೆ ಫ್ಲಾಸ್ಕು ಹಿಡಿದು ಬಂದು ಮಂಚದ ಮೇಲೆ ಕೂರುತ್ತಿದ್ದರು. ಹೊರಗೆ ನೆಲದ ಮೇಲೆ ಮಂಜು ಬಿಳಿಯಾಗಿ ಕೂತಿರುತ್ತಿತ್ತು, ಒಳಗೆ ಹತ್ತೊಂಬತ್ತು ಡಿಗ್ರಿ. ಮೂರನೆಯ ಬೆಳಗಿಗೇ ಅತ್ತೆ ಅಂದರು, "ಬೆಚ್ಚಗಿದೆ ರೀ. ಸಾಕು, ಹೊರಡೋಣ."

"ನೀನು ಯಾವುದನ್ನ ತಾನೇ ಸಾಲದು ಅಂದಿದೀಯ?" ಅಂದರು ಮಾವ, ಬರೆಯುತ್ತಲೇ.

"ನಿಜವಾಗ್ಲೂ ಬೆಚ್ಚಗಿದೆ."

"ಎಕ್ಸ್‌ರೇ ತೆಗೆಸೋ ಹಿಂದಿನ ದಿನಾನೂ ನಿಜವಾಗ್ಲೂ ಚೆನ್ನಾಗಿದೀನಿ ಅಂದಿದ್ದೆ."

ಅತ್ತೆ ಫ್ಲಾಸ್ಕಿನ ಮುಚ್ಚಳ ತೆಗೆದು ಟೀ ಬಗ್ಗಿಸಿದರು. ನಾನೂ ಮಾವನ ಕಡೆಯೇ ವಾಲಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಮೂರು ವಾರ ತಾನೇ, ಆಗಿಹೋಗಲಿ ಅಂದುಕೊಂಡೆ.

ಹದಿನೇಳನೆಯ ಬೆಳಗು. ಗಂಟೆ ಒಂಬತ್ತು. ಮಾವ ತಿಂಡಿಗೆ ಹೋಗಿದ್ದರು. ಪರದೆಗಳ ಅಂಚು ಮುದುಡಿದ್ದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಏಳನ್ನೂ ಬಿಚ್ಚಿ ಶೆಡ್ಡಿಗೆ ಹೊತ್ತುಕೊಂಡು ಹೋಗಿ ಬರುವ ಬದಲು, ಇಸ್ತ್ರಿಪೆಟ್ಟಿಗೆಯನ್ನೇ ತಂದು ಗಾಡಿಯೊಳಗಿನ ಸಾಕೆಟ್ಟಿಗೆ ಚುಚ್ಚಿದೆ. ಎರಡು ನಿಮಿಷದ ಕೆಲಸ ಅಂತ. ಪರೀಕ್ಷೆಗೆ ಅಂತ ಮಾವ ಬಾಡಿಗೆಗೆ ತಂದಿಟ್ಟ ಆಕ್ಸಿಜನ್ ಮಷೀನು, ಫ್ರಿಜ್ಜು, ಹೀಟರ್ ಎಲ್ಲ ಓಡುತ್ತಿದ್ದವು. ಅದರ ಮೇಲೆ ನನ್ನ ಸಾವಿರ ವ್ಯಾಟ್. ಟಕ್ ಅಂತ ಒಂದು ಸದ್ದು, ಎಲ್ಲ ಸ್ತಬ್ಧ. ಪೆಟ್ಟಿಗೆ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಶೆಡ್ಡಿಗೆ ಓಡಿದೆ.

ಮಾವ ಬಂದು ಬಿದ್ದ ಬ್ರೇಕರ್ ನೋಡಿದರು. ನನ್ನ ಶೆಡ್ಡಿನ ಬಾಗಿಲಿಗೆ ಬಂದು, "ಗಾಡೀಲಿ ಯಾರಾದ್ರೂ ಏನಾದ್ರೂ ಹಾಕಿದ್ರಾ?" ಅಂತ ಕೇಳಿದರು.

"ಇಲ್ಲ ಮಾವ, ಗೊತ್ತಿಲ್ಲ."

ಯಾಕೆ ಹಾಗಂದೆ? ಮೂರು ದಿನದ ಹಿಂದೆ ನಾನು ಗುಂಡುಸೂಜಿಯ ಡಬ್ಬಿಯನ್ನು ಹಾಸಿಗೆ ಮೇಲೆ ಇಟ್ಟಿದ್ದೆ. ಒಂದು ಸೂಜಿ ಬಿಸಿಹಾಳೆಗೆ ಚುಚ್ಚಿದರೆ ಮುಗಿಯಿತು ಅಂತ ಮಾವ ಎಲ್ಲರ ಎದುರಿಗೆ ಕೂಗಾಡಿದ್ದರು. ನಲವತ್ತರ ಹೆಂಗಸು ನಾನು, ಹುಡುಗಾಟದ ಮಗುವಿನ ಹಾಗೆ ಬೈಸಿಕೊಂಡು ನಿಂತಿದ್ದೆ. ಆ ಉರಿ ಇನ್ನೂ ಆರಿರಲಿಲ್ಲ. ಮತ್ತೊಮ್ಮೆ ಬೈಸಿಕೊಳ್ಳಲು ಮನಸ್ಸಿರಲಿಲ್ಲ. ಬ್ರೇಕರ್ ಎತ್ತಿ ಮುಂದೆ ಸಾಗುತ್ತಾರೆ ಅಂದುಕೊಂಡೆ. ಇಪ್ಪತ್ತೊಂದು ಅನ್ನುವ ಹೆಸರನ್ನು ಇಪ್ಪತ್ತು ವರ್ಷದಿಂದ ಕೇಳಿದವಳು ನಾನು, ಹಾಗೆ ಅಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಮಾವ ನೆಲ ಕಿತ್ತರು. ಪ್ಯಾನೆಲ್ ಇಳಿಸಿದರು. ಇಲ್ಲದ ತಪ್ಪನ್ನು ಮೂರು ದಿನ ಹುಡುಕಿದರು. ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅವರಿಗೆ ಇನ್ನೂ ಭಯವಾಯಿತು. ಪ್ರತಿಯೊಂದು ಜಾಯಿಂಟೂ ಬಿಚ್ಚಿ ಹೊಸದಾಗಿ ಮಾಡಿ, ನೆಲ ಮುಚ್ಚಿ, ಪುಸ್ತಕದಲ್ಲಿ ಹೊಸ ಪುಟ ತೆಗೆದು, ಮೇಲೆ ಒಂದು ಅಂತ ಬರೆದರು.

ನನ್ನ ಬಾಯಿಗೆ ಬೀಗ ಬಿತ್ತು. ಮೊದಲ ದಿನ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ನೆಲ ಕಿತ್ತ ಮೇಲೆ ಹೇಳುವುದು ಹೇಗೆ? ಮೂರು ದಿನ ಅವರು ಮಂಡಿಯೂರಿ ಹುಡುಕಿದ್ದನ್ನು ನೋಡಿದ ಮೇಲೆ ಹೇಳುವುದು ಹೇಗೆ? ದಿನ ಕಳೆದಷ್ಟೂ ಮಾತು ಭಾರವಾಯಿತು. ಅತ್ತೆ ಬೆಳಿಗ್ಗೆ ಬಂದು ಮಂಚದ ಮೇಲೆ ಕೂತು, ಗೋಡೆಯ ಪ್ಯಾನೆಲ್ ಸವರಿ, "ಎಷ್ಟು ಚೆನ್ನಾಗಿ ಮಾಡಿದಾರೆ ನೋಡು" ಅನ್ನುತ್ತಿದ್ದರು. ಸಂಜೆ ನಾಲ್ಕಕ್ಕೆ ಫೋನಿನಲ್ಲಿ ಅಕ್ಕನ ದನಿ ಸಣ್ಣದಾಗುತ್ತಾ ಬಂತು. ಮೊದಲು ಅರ್ಧ ಗಂಟೆ ನಡೆಯುತ್ತಿದ್ದ ಮಾತು ಹತ್ತು ನಿಮಿಷಕ್ಕಿಳಿಯಿತು. ಆಮೇಲೆ ಐದು.

ಎರಡನೆಯ ಎಣಿಕೆಯ ಎಂಟನೆಯ ಬೆಳಗು ನನಗೆ ತಡೆಯಲಾಗಲಿಲ್ಲ. ಅತ್ತೆ ಇನ್ನೂ ಬಂದಿರಲಿಲ್ಲ. ಗಾಡಿಯ ಮೆಟ್ಟಿಲಲ್ಲಿ ನಿಂತು ಎಲ್ಲ ಹೇಳಿದೆ. ಇಸ್ತ್ರಿಪೆಟ್ಟಿಗೆ, ಸಾಕೆಟ್ಟು, ಸುಳ್ಳು, ಎಲ್ಲ. ಬೈಯಲಿ, ಕೆನ್ನೆಗೆ ಬೇಕಾದರೆ ಹೊಡೆಯಲಿ, ಹೊರಟರೆ ಸಾಕು ಅಂತ.

ಮಾವ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಆ ಸಾಕೆಟ್ಟಿನ ಹತ್ತಿರ ಬಗ್ಗಿ ನೋಡಿದರು. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ" ಅಂದರು. "ದಾರೀಲಿ ನೀನೋ, ಇನ್ಯಾರೋ, ಅತ್ತೆ ಮಲಗಿದ್ದಾಗ ನೀರು ಕಾಯಿಸೋಕೆ ಕೆಟಲ್ ಚುಚ್ಚಿದ್ರೆ? ಅವಳ ಆಕ್ಸಿಜನ್ ನಿಂತುಹೋಗುತ್ತೆ. ನಾನು ಅದನ್ನ ಯೋಚ್ನೆ ಮಾಡೇ ಇರಲಿಲ್ಲ."

ನೋಡನೋಡುತ್ತಿದ್ದಂತೆ ಇಕ್ಕಳ ತೆಗೆದುಕೊಂಡರು. ಸಾಕೆಟ್ಟಿಗೆ ಬೇರೆ ಸಣ್ಣ ಬ್ರೇಕರ್, ಬೇರೆ ಲೈನು, ಅದು ಬಿದ್ದರೂ ಆಕ್ಸಿಜನ್ ನಿಲ್ಲದ ಹಾಗೆ. ಮಧ್ಯಾಹ್ನಕ್ಕೆ ಮುಗಿಯಿತು. ಆಮೇಲೆ ಪುಸ್ತಕ ತೆಗೆದರು.

"ಮಾವ, ಬೇಡ. ತಪ್ಪು ನಂದು ಅಂತ ಒಪ್ಪಿಕೊಂಡಿದೀನಲ್ಲ. ನಿಮ್ಮ ವೈರಿಂಗ್ ಸರಿ ಇತ್ತು. ಮೊದಲನೇ ದಿನದಿಂದ ಸರಿ ಇತ್ತು. ನೀವು ಹೊರಡ್ಲಿ ಅಂತ ನಾನು ಹೇಳಿದ್ದು."

"ವೈರು ಮುಟ್ಟಿದೀನಿ. ಮುಟ್ಟಿದ ಮೇಲೆ ಎಣಿಸ್ಲೇಬೇಕು."

"ಒಂದೇ ಒಂದು ಬ್ರೇಕರ್ ಮಾವ."

"ಆ ಬ್ರೆಡ್ ವ್ಯಾನಿನವನ ಸೀಟಲ್ಲೂ ಒಂದೇ ಒಂದು ಜಾಯಿಂಟು."

ನಾನು ಅವರ ಮೇಲೆ ಕೂಗಾಡಿದೆ. ಹಟಮಾರಿ, ಮೊಂಡ, ನಿಮ್ಮ ಭಯಕ್ಕೆ ಅತ್ತೆಯನ್ನ ಯಾಕೆ ಕಟ್ಟಿಹಾಕ್ತೀರಿ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಕೇಳಿಸಿಕೊಂಡರು. "ಇನ್ನೊಬ್ಬರಾದ್ರೆ ಬಿಟ್ಟುಬಿಡ್ತಿದ್ದೆನೇನೋ. ಇವಳು ಮಲಗೋ ಹಾಸಿಗೆ ಕಣೆ ಅದು" ಅಂದರು. ನಾನು ಸುಳ್ಳು ಹೇಳಿದ್ದಕ್ಕೆ ಹನ್ನೊಂದು ದಿನ ಹೋಗಿತ್ತು. ನಿಜ ಹೇಳಿದ್ದಕ್ಕೆ ಇನ್ನೂ ಇಪ್ಪತ್ತೊಂದು. ಅವತ್ತು ಸಂಜೆ ಅತ್ತೆಯ ಹತ್ತಿರವೂ ಹೋಗಿ ಹೇಳಿಕೊಂಡು ಅತ್ತುಬಿಟ್ಟೆ. ಅವರು ನನ್ನ ತಲೆ ಸವರಿ, "ಅವರನ್ನ ಬಿಟ್ಟುಬಿಡು. ಅವಸರ ಮಾಡಿ ಎಲ್ಲಾದ್ರೂ ನಂಗೆ ಏನಾದ್ರೂ ಆದ್ರೆ ಅವರು ಬದುಕಲ್ಲ. ಅಕ್ಕ ಗಟ್ಟಿಗಿತ್ತಿ, ಕಾಯ್ತಾಳೆ" ಅಂದರು. ಇದನ್ನೂ ಎಂದಿನ ಹಾಗೆ ಎಲ್ಲ ಚೆನ್ನಾಗಿದೆ ಅನ್ನುವ ದನಿಯಲ್ಲೇ ಅಂದರು.

ಮೂರನೆಯ ಎಣಿಕೆ, ಹದಿಮೂರನೆಯ ಬೆಳಗು. ಹತ್ತು ಗಂಟೆಯಾಗಿತ್ತು. ಅತ್ತೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದರು, ಅಕ್ಕನಿಗೆ ಅಂತ ಹೆಣೆದ ಕಾಲುಚೀಲ ನೆಲದ ಮೇಲಿದ್ದ ಚೀಲದಲ್ಲಿತ್ತು. ಮಾವ ಮೇಜಿನ ಹತ್ತಿರ ಬರೆಯುತ್ತಿದ್ದರು. ನಾನು ಬಾಗಿಲ ಪರದೆಗೆ ಕೊಂಡಿ ಹಾಕುತ್ತಿದ್ದೆ. ಫೋನು ಬಂತು. ನಾಲ್ಕು ಗಂಟೆಗೆ ಬರಬೇಕಾದ ಫೋನು ಹತ್ತಕ್ಕೆ ಬಂತು. ಮೂವರಿಗೂ ಅಷ್ಟರಲ್ಲೇ ಗೊತ್ತಾಯಿತು.

ಅತ್ತೆ ಫೋನು ಕಿವಿಗಿಟ್ಟುಕೊಂಡು ಕೇಳಿದರು. "ಹೂಂ... ಹೂಂ... ಎಷ್ಟು ಹೊತ್ತಿಗೆ?... ಒದ್ದಾಡಿದ್ಲಾ?... ಆಯ್ತು ಮಗಳೇ. ನೀನು ಏನಾದ್ರೂ ತಿಂದ್ಯಾ?" ಫೋನು ಇಟ್ಟು, ಅರ್ಧ ಮಡಿಸಿದ್ದ ಬಟ್ಟೆಯನ್ನು ಪೂರ್ತಿ ಮಡಿಸಿದರು. ಮಾವ ಎದ್ದು ನಿಂತಿದ್ದರು, ಪೆನ್ನು ಕೈಯಲ್ಲೇ ಇತ್ತು.

"ಇನ್ನು ಎಣಿಸ್ಬೇಡಿ" ಅಂದರು ಅತ್ತೆ.

ಅಷ್ಟೇ ಅಂದದ್ದು. ನಾನಾಗಿದ್ದರೆ ಆ ಗಾಡಿಗೆ ಬೆಂಕಿ ಹಚ್ಚುತ್ತಿದ್ದೆ.

ಅರ್ಧ ಗಂಟೆಯಲ್ಲಿ ಹೊರಟೆವು. ಮಣ್ಣಿಗೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಅತ್ತೆ, "ಮಗಳು ಒಬ್ಬಳೇ ಇದಾಳೆ, ಹೋಗ್ಬೇಕು" ಅಂದರು. ಮಾವನಿಗೆ ಕತ್ತಲಲ್ಲಿ ಕಣ್ಣು ಕಾಣಿಸುವುದಿಲ್ಲ, ಸಂಜೆಯಾಗುವುದರೊಳಗೆ ಅದೇ ಮೈದಾನ, ಅದೇ ಆರು ಆಂಪ್ಸಿನ ಕಂಬ ಹಿಡಿದರು. ಇಡೀ ದಾರಿಯಲ್ಲಿ ನಾವು ತಂಗಬೇಕಾಗಿದ್ದದ್ದು ಅದೊಂದೇ ರಾತ್ರಿ. ಆ ಒಂದು ರಾತ್ರಿಗಾಗಿ ನಲವತ್ತೊಂದು ದಿನ ಕಳೆದಿದ್ದವು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಏನಾದರೂ ಕೆಡಲಿ, ಒಂದು ಪ್ಯಾನೆಲ್ ಆರಲಿ, ಬ್ರೇಕರ್ ಬೀಳಲಿ, ನೋಡು, ಇನ್ನೂ ಎಣಿಸಬೇಕಾಗಿತ್ತು ಅಂತ ಮಾವನಿಗೆ ಒಂದು ಸಮಾಧಾನ ಸಿಗಲಿ ಅಂತ. ಏನೂ ಕೆಡಲಿಲ್ಲ. ಬೆಳಿಗ್ಗೆ ಹೊರಗೆ ಕಿಟಕಿ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು, ಒಳಗೆ ಹತ್ತೊಂಬತ್ತು ಡಿಗ್ರಿ. ಅತ್ತೆ ಒಂದು ಸಲವೂ ಕೆಮ್ಮಲಿಲ್ಲ. ಮಾವ ಥರ್ಮಾಮೀಟರಿನ ಕಡೆ ಬೆನ್ನು ಮಾಡಿ ಕೂತಿದ್ದರು.

ಮರುದಿನ ಮಧ್ಯಾಹ್ನ ಆ ಊರು ತಲುಪಿದೆವು. ಕಡಿದಾದ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಅಕ್ಕನ ಮಗಳು ಪೋಸ್ಟಾಫೀಸಿನ ಕೌಂಟರಿನಲ್ಲಿ ಕೆಲಸ ಮಾಡುವವಳು, ಕಣ್ಣು ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅತ್ತೆಯನ್ನು ಅಪ್ಪಿಕೊಂಡು ಅತ್ತಳು. ಆಮೇಲೆ, "ಒಳಗೆ ಬನ್ನಿ ಚಿಕ್ಕಮ್ಮ, ಅಮ್ಮನ ರೂಮು ಬೆಚ್ಚಗಿದೆ" ಅಂದಳು.

ರೂಮಿನಲ್ಲಿ ಎರಡು ಮಂಚ. ಒಂದರ ಹಾಸಿಗೆ ತೆಗೆದು ಬರೀ ಹಲಗೆ ಉಳಿದಿತ್ತು. ನಡುವೆ ಒಂದು ಮೊಳ ಜಾಗ ಬಿಟ್ಟು ಇನ್ನೊಂದು ಮಂಚ, ಒಗೆದ ಹೊದಿಕೆ ಹಾಸಿ, ಎರಡು ದಿಂಬು ಎತ್ತರಿಸಿ ಇಟ್ಟದ್ದು. ಹಾಸಿಗೆಯ ಅಂಚಿನಿಂದ ಒಂದು ತೆಳ್ಳನೆಯ ವೈರು ಇಳಿದು ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಮೂಲೆಯಲ್ಲಿ ಒಳಗೆ ಎಣ್ಣೆ ತುಂಬಿದ ಸಣ್ಣದೊಂದು ಕರೆಂಟು ಹೀಟರ್, ಸದ್ದಿಲ್ಲದೆ ಕಾಯುತ್ತಿತ್ತು. ಮಾವ ಬಾಗಿಲಲ್ಲೇ ನಿಂತುಬಿಟ್ಟರು.

"ಇದು ಯಾರಿಗೆ?" ಅಂತ ಅತ್ತೆ ಕೇಳಿದರು.

"ನಿಮಗೇ ಚಿಕ್ಕಮ್ಮ. ಹೀಟರ್ ಕೂರಿಸಿದ್ದಾಯ್ತು ಅಂತ ನೀವು ಫೋನು ಮಾಡಿದ್ರಲ್ಲ, ಅದರ ಮರುದಿನವೇ ಅಮ್ಮ ಈ ಮಂಚ ಹಾಕಿಸಿದ್ರು. ಗಾಡೀಲಿ ಮಲಗ್ತಾರಂತೆ ಅಂದೆ. ನನ್ ತಂಗಿ ಬೀದೀಲಿ ಯಾಕೆ ಮಲಗ್ತಾಳೆ, ನನ್ ಪಕ್ಕ ಮಲಗ್ಲಿ ಅಂದ್ರು. ನಿಮ್ಮ ಮಷೀನಿಗೆ ಅಂತ ಬೇರೆ ಪ್ಲಗ್ಗೂ ಹಾಕಿಸಿದ್ರು. ದಿನಾ ಸಂಜೆ ನಿಮ್ ಹತ್ರ ಫೋನಲ್ಲಿ ಮಾತು ಮುಗಿದ ಕೂಡ್ಲೇ ಇದನ್ನ ಆನ್ ಮಾಡಿಸೋರು. ಬಂದ ತಕ್ಷಣ ಅವಳಿಗೆ ಚಳಿ ಆಗ್ಬಾರದು ಅಂತ. ಬೆಳಿಗ್ಗೆ ಎದ್ದ ಮೇಲೆ ಇಲ್ಲಿಂದ ಕೈ ಚಾಚಿ ಹಾಸಿಗೆ ಮುಟ್ಟಿ ನೋಡೋರು. ಬೆಚ್ಚಗಿದೆ, ಇವತ್ತು ಬರ್ತಾಳೆ ನೋಡು ಅನ್ನೋರು."

"ದಿನಾನಾ?" ಅಂದರು ಮಾವ.

"ದಿನಾ ಚಿಕ್ಕಪ್ಪ. ಮೊನ್ನೆ ಬೆಳಿಗ್ಗೆವರೆಗೂ."

"ಯಾಕಮ್ಮ ಒಂದು ಮಾತು ಹೇಳ್ಲಿಲ್ಲ?"

"ಹೇಳ್ಬೇಡ ಅಂದ್ರು. ಅವಸರ ಮಾಡಿದ್ರೆ ಚಿಕ್ಕಪ್ಪ ಗಾಬರಿ ಆಗ್ತಾರೆ, ನಿಧಾನವಾಗಿ ಸರಿಯಾಗಿ ಮಾಡ್ಕೊಂಡು ಬರ್ಲಿ ಅಂತ."

ಅತ್ತೆ ಆ ಮಂಚದ ಮೇಲೆ ಕೂತರು. ಹೊದಿಕೆಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು. "ನನ್ ಬಗ್ಗೆ ಏನಾದ್ರೂ ಅಂದ್ಲಾ? ನಿಮ್ ಅಜ್ಜಿ ಹೋದಾಗಿನ ವಿಷಯ, ನಾನು ಆಡಿದ ಮಾತು... ಅದರ ಬಗ್ಗೆ?"

ಅಕ್ಕನ ಮಗಳು ಯೋಚಿಸಿದಳು. "ಇಲ್ಲವಲ್ಲ ಚಿಕ್ಕಮ್ಮ. ಯಾವ ಮಾತು?"

ಅತ್ತೆ ತಲೆಯಾಡಿಸಿದರು. ಆ ಮಾತು ಗೊತ್ತಿದ್ದವಳು, ಕ್ಷಮಿಸಬಲ್ಲವಳು ಒಬ್ಬಳೇ ಇದ್ದದ್ದು. ಅತ್ತೆ ಚಪ್ಪಲಿ ಬಿಟ್ಟು, ಕಾಲು ಮೇಲೆತ್ತಿ, ಬರೀ ಹಲಗೆಯ ಕಡೆ ಮುಖ ಮಾಡಿ ಮಲಗಿದರು. ಅಕ್ಕನ ಕೈ ದಿನಾ ಬೆಳಿಗ್ಗೆ ಮುಟ್ಟುತ್ತಿದ್ದ ಅಂಚಿನಲ್ಲೇ ಕೈಯಿಟ್ಟುಕೊಂಡರು. ಅಳುತ್ತಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು.

ಮಾವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಅವರು ಮಾಡುವುದು ಒಂದೇ ಕೆಲಸ. ನಿಧಾನಕ್ಕೆ ಮಂಚದ ಪಕ್ಕ ಬಂದು, ಗೋಡೆ ಹಿಡಿದು ಮಂಡಿಯೂರಿ, ಆ ವೈರು ಹೋಗಿದ್ದ ಪ್ಲಗ್ಗು ಬಿಸಿಯಾಗಿದೆಯೇ ಅಂತ ನೋಡಲು ಕೈ ಚಾಚಿದರು.

"ಮುಟ್ಟಬೇಡಿ" ಅಂದರು ಅತ್ತೆ, ಮುಖ ತಿರುಗಿಸದೆ. "ಅದು ನನ್ ಅಕ್ಕ ಹಾಕಿಸಿದ್ದು."

ಮಾವ ಕೈ ಹಿಂದಕ್ಕೆ ತೆಗೆದುಕೊಂಡರು. ಏಳಲು ನೋಡಿದರು, ಆಗಲಿಲ್ಲ. ಮತ್ತೆ ನೋಡಿದರು. ನಾನು ಹೋಗಿ ಕಂಕುಳಿಗೆ ಕೈಕೊಟ್ಟು ಎತ್ತಿ, ಹೊರಗೆ ಕರೆದುಕೊಂಡು ಬಂದೆ.